ನಾಲ್ಕು ಜನರ ಡೇರೆ

ಅವನಿಗೆ ದಬ್ಬಳ ಎಂದು ಹೆಸರಿಟ್ಟವನು ಅವನ ಗೆಳೆಯ ಕಾಂಪೌಂಡರು. ಗೋಣಿ, ಟಾರ್ಪಾಲು, ಡೇರೆ ಬಟ್ಟೆ ಹೊಲಿಯುವ ದಪ್ಪ ಸೂಜಿಗೆ ದಬ್ಬಳ ಅನ್ನುತ್ತಾರಲ್ಲ, ಅದು ಸದಾ ಇವನ ಕಾಲರಿಗೆ ಚುಚ್ಚಿಕೊಂಡೇ ಇರುತ್ತಿತ್ತು. ಒಮ್ಮೆ ತಬ್ಬಿಕೊಳ್ಳಲು ಹೋಗಿ ಕೆನ್ನೆ ಗೀರಿಸಿಕೊಂಡ ಕಾಂಪೌಂಡರು, "ಇವನು ಮನುಷ್ಯ ಅಲ್ಲ ಕಣ್ರೋ, ದಬ್ಬಳ" ಎಂದು ಕಿರುಚಿದ. ಹೆಸರು ಅಂಟಿಕೊಂಡಿತು. ಮೂವತ್ತು ವರ್ಷದಿಂದ ಅವನು ಡೇರೆ ಹೊಲಿಯುವ ಕಾರ್ಖಾನೆಯಲ್ಲಿದ್ದಾನೆ. ಅವನು ಹೊಲಿದ ಒಂದು ಡೇರೆಯೂ ಸೋರಿತು ಎಂದು ಈವರೆಗೆ ವಾಪಸು ಬಂದಿಲ್ಲ. ಇದನ್ನು ಅವನು ತಾನಾಗಿ ಹೇಳಿಕೊಳ್ಳುವುದಿಲ್ಲ. ಬೇರೆಯವರು ಹೇಳಹೊರಟರೆ ತಡೆಯುವುದೂ ಇಲ್ಲ.

ಕಾರ್ಖಾನೆಯ ಹಿಂದಿನ ಬೀದಿಯಲ್ಲಿ, ಮಹಡಿಯ ಮೇಲೆ ಅವನದೊಂದು ಕೋಣೆ. ಅದರಲ್ಲಿ ಎರಡು ಮಂಚ. ಗೋಡೆ ಕಡೆಯದು ಅಮ್ಮನದು, ಅಮ್ಮ ಹೋಗಿ ಆರು ವರ್ಷ. ಇದ್ದಷ್ಟು ದಿನ ರಾತ್ರಿಯಿಡೀ ಕೆಮ್ಮುತ್ತಿದ್ದಳು, ಇವನು ಗೊಣಗುತ್ತಿದ್ದ. ಆ ಕೆಮ್ಮು ನಿಂತ ಮೇಲೆಯೇ ಗೊತ್ತಾದದ್ದು, ತನಗೆ ನಿದ್ದೆ ಹತ್ತುತ್ತಿದ್ದದ್ದು ಅದನ್ನು ಕೇಳುತ್ತಲೇ ಎಂದು. ಈಗ ಸೀಲಿಂಗು ನೋಡುತ್ತ ಮಲಗುತ್ತಾನೆ. ಅಕ್ಕ ಫೋನು ಮಾಡಿದಾಗಲೆಲ್ಲ ಒಂದೇ ರಾಗ: "ಆ ಮಂಚ ಯಾರಿಗಾದ್ರೂ ಕೊಟ್ಬಿಡೋ, ಜಾಗ ಆಗುತ್ತೆ."

"ಜಾಗ ಇಟ್ಕೊಂಡು ನಾನೇನು ಮಾಡ್ಲಿ ಅಕ್ಕಾ?" ಎನ್ನುತ್ತಾನೆ ಇವನು. ಅಕ್ಕನಿಗೆ ಅದು ತಮಾಷೆಯಾಗಿ ಕೇಳಿಸುತ್ತದೆ.

ಹೀಗಿರುವ ಮನುಷ್ಯನಿಗೆ ವರ್ಷದಲ್ಲಿ ಮೂರು ರಾತ್ರಿ ಮಾತ್ರ ಒಳ್ಳೆಯ ನಿದ್ದೆ. ಊರ ಹೊರಗಿನ ದೊಡ್ಡ ಬಯಲಿನಲ್ಲಿ ಮೂರು ದಿನದ ಸಂಗೀತ ಮೇಳ ನಡೆಯುತ್ತದೆ. ಸಾವಿರಾರು ಜನ ಅಲ್ಲೇ ಡೇರೆ ಹಾಕಿ ಉಳಿಯುತ್ತಾರೆ. ಶಾಲೆಯ ಕಾಲದ ನಾಲ್ವರು ಗೆಳೆಯರು, ಅಂದರೆ ಕಾಂಪೌಂಡರು, ಡ್ರಾಯಿಂಗ್ ಮೇಷ್ಟ್ರು, ಎಲೆಕ್ಟ್ರಿಷಿಯನ್ ಮತ್ತು ದಬ್ಬಳ, ಹತ್ತೊಂಬತ್ತು ವರ್ಷದಿಂದ ಒಮ್ಮೆಯೂ ತಪ್ಪಿಸಿದವರಲ್ಲ. ಡೇರೆ ದಬ್ಬಳನದು, ಕಾರ್ಖಾನೆಯ ಉಳಿಕೆ ತುಂಡುಗಳನ್ನು ಸೇರಿಸಿ ಹೊಲಿದದ್ದು, ಏಳು ಬಗೆಯ ಹಸಿರು. ಮಲಗುವ ಜಾಗಗಳು ಖಾಯಂ: ರಾತ್ರಿ ಮೂರು ಸಲ ಏಳುವ ಮೇಷ್ಟ್ರು ಬಾಗಿಲ ಬಳಿ, ಆಮೇಲೆ ದಬ್ಬಳ, ಅವನ ಪಕ್ಕ ಗರಗಸದಂತೆ ಗೊರಕೆ ಹೊಡೆಯುವ ಕಾಂಪೌಂಡರು, ಕೊನೆಗೆ ನಿದ್ದೆಯಲ್ಲಿ ಕಾಲು ಝಾಡಿಸುವ ಎಲೆಕ್ಟ್ರಿಷಿಯನ್.

ನಿಜ ಹೇಳಿಬಿಡುತ್ತೇನೆ, ದಬ್ಬಳನಿಗೆ ಸಂಗೀತ ಅಷ್ಟಕ್ಕಷ್ಟೆ. ಅಮ್ಮ ಹೋದ ಮೇಲೆ ಅವನು ಹೋಗುತ್ತಿದ್ದದ್ದು ಆ ಗೊರಕೆ ಕೇಳಲು. ಆದರೆ ಗಂಡಸಾದವನು ಇದನ್ನು ಬಾಯಿಬಿಟ್ಟು ಹೇಳುತ್ತಾನೆಯೇ? ಅದರ ಬದಲು, "ಇನ್ನೊಬ್ಬರ ಹೊಲಿಗೆ ಕೆಳಗೆ ನಾನು ಮಲಗೋದಿಲ್ಲಪ್ಪ, ನನ್ನ ಡೇರೆಯೇ ಆಗಬೇಕು" ಎಂದು ವರ್ಷ ವರ್ಷವೂ ಜಂಬ ಕೊಚ್ಚುತ್ತಿದ್ದ. ಆ ಜಂಬವೇ ಈ ಸಲ ಅವನಿಗೆ ತಿರುಗಿ ಬಡಿಯಿತು.

ಯಾವಾಗಲೂ ಹೋಗುವಂತೆ ಬೆಳಿಗ್ಗೆಯೇ ಹೋಗಿ ಗೂಟ ಹೊಡೆದು, ಹಗ್ಗ ಬಿಗಿದು, ನಾಲ್ಕು ಚಾಪೆ ಹಾಸಿಟ್ಟಿದ್ದ. ಮಧ್ಯಾಹ್ನ ಮೂವರೂ ಬಂದರು. ಕೈಯಲ್ಲಿ ಪುಟ್ಟ ಪುಟ್ಟ ಬ್ಯಾಗು, ಹೊದಿಕೆ ಇಲ್ಲ, ದಿಂಬಿಲ್ಲ.

"ದಬ್ಬಳಾ, ಈ ಸಲ ನಮ್ಮ ಸೊಂಟಗಳಿಗೆ ಪ್ರಮೋಷನ್ ಕಣೋ!" ಎಂದ ಕಾಂಪೌಂಡರು. ಮೇಳದವರೇ ಬಯಲಿನ ಆ ತುದಿಯಲ್ಲಿ ಬಿಳಿ ಡೇರೆಗಳನ್ನು ಹಾಕಿ ಬಾಡಿಗೆಗೆ ಕೊಡುತ್ತಿದ್ದರು. ಒಳಗೆ ಮಂಚ, ಹಾಸಿಗೆ, ದೀಪ. "ಮೂರು ಮಂಚದ್ದು ಹಿಡಿದಿದೀವಿ."

"ಮೂರಾ?"

"ನಾಲ್ಕರದ್ದೂ ಇತ್ತು, ನಾನೇ ಬೇಡ ಅಂದೆ. ಇನ್ನೊಬ್ಬರ ಹೊಲಿಗೆ ಕೆಳಗೆ ನೀನು ಪ್ರಾಣ ಹೋದ್ರೂ ಮಲಗ್ತೀಯಾ? ನಿನ್ನ ನಾನು ಕಾಣದವನಾ!"

ಮೂವರೂ ನಕ್ಕರು. ದಬ್ಬಳನೂ ನಕ್ಕ, ಬೇರೇನು ಮಾಡಿಯಾನು? "ಅದೂ ಸರೀನೇ" ಎಂದ.

ಅವರು ಕೆಟ್ಟವರೆಂದು ತಿಳಿಯಬೇಡಿ. ಕೈ ಹಿಡಿದು ಕರೆದೊಯ್ದು ತಮ್ಮ ಡೇರೆ ತೋರಿಸಿದರು, ಅವನಿಂದ ಶಹಭಾಸ್ ಅನ್ನಿಸಿಕೊಳ್ಳುವ ಆಸೆ ಅವರಿಗೆ. ದಬ್ಬಳ ಅಭ್ಯಾಸಬಲದಿಂದ ಮಾಡಿನ ನಡುವಿನ ಹೊಲಿಗೆಯ ಮೇಲೆ ಉಗುರು ಎಳೆದ. ಅಂಚು ಮಡಿಚದೆ ಒಂದೇ ಸಾಲು ಓಡಿಸಿದ್ದರು, ಅದೂ ಅಲ್ಲಲ್ಲಿ ಬಾಯಿಬಿಟ್ಟಿತ್ತು, ಮೇಣ ಸೋಕಿಸಿರಲಿಲ್ಲ. ಒಂದು ಜೋರು ಮಳೆ ಸಾಕು, ಒಳಗೆ ಜರಡಿ. ಹೇಳಬೇಕೆಂದು ಮಾತು ನಾಲಿಗೆಯ ತುದಿಗೆ ಬಂತು.

"ಹೆಂಗಿದೆ?" ಎಂದರು ಮೇಷ್ಟ್ರು.

"ಬಟ್ಟೆ ಒಳ್ಳೇದು" ಎಂದುಬಿಟ್ಟ ದಬ್ಬಳ.

ಮೊದಲ ರಾತ್ರಿ ನಾಲ್ಕು ಚಾಪೆಗಳ ನಡುವೆ ಕಣ್ಣು ಬಿಟ್ಟುಕೊಂಡೇ ಬಿದ್ದಿದ್ದ. ಬೆಳಿಗ್ಗೆ ಕೈ ತನ್ನಷ್ಟಕ್ಕೆ ನಾಲ್ಕು ಲೋಟ ಟೀಗೆ ನೀರಿಟ್ಟಿತು. ಬಂದವನು ಎಲೆಕ್ಟ್ರಿಷಿಯನ್ ಒಬ್ಬನೇ. ನಿಂತುಕೊಂಡೇ ಅರ್ಧ ಲೋಟ ಕುಡಿದು, "ಅಲ್ಲಿ ಮಂಚದ ಹತ್ರಾನೇ ತಂದು ಕೊಡ್ತಾರೆ ಕಣೋ, ಹೊಟ್ಟೆ ತುಂಬಿದೆ" ಎಂದು ಹೋದ. ಉಳಿದದ್ದನ್ನು ದಬ್ಬಳ ಹುಲ್ಲಿಗೆ ಚೆಲ್ಲಿದ.

ಎರಡನೆಯ ದಿನ ಊಟದ ಹೊತ್ತಿಗೆ ಗಾಳಿ ತಿರುಗಿತು. ಬಯಲಿನಂಚಿನಲ್ಲಿ ಮೋಡ ಕಪ್ಪಗೆ ಕಟ್ಟಿಕೊಂಡು ಬಂತು. ಅದನ್ನು ನೋಡಿ ಅವನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಒಂದು ಮಳೆ ಬಂದರೆ ಸಾಕು, ಮೂವರೂ ತಲೆಯ ಮೇಲೆ ಹೊದಿಕೆ ಹೊತ್ತು ಇಲ್ಲಿಗೇ ಓಡಿಬರುತ್ತಾರೆ. "ನೀನೇ ಗತಿ ಮಾರಾಯ" ಎನ್ನುತ್ತಾರೆ. ಮೇಷ್ಟ್ರು ಬಾಗಿಲ ಬಳಿ, ಕಾಂಪೌಂಡರು ಪಕ್ಕದಲ್ಲಿ. ತಾನು ಮಾಡಬೇಕಾದದ್ದು ಏನೂ ಇಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಆಯಿತು. ಬೇಗ ಬರಲಿ ಎಂದು ಮೋಡದ ಕಡೆಗೇ ಕಣ್ಣಿಟ್ಟು ಕುಳಿತ.

ಆಗ ನೆನಪಾಯಿತು, ಆ ಬಾಯಿಬಿಟ್ಟ ಹೊಲಿಗೆಯ ನೇರ ಕೆಳಗಿದ್ದದ್ದು ಮೇಷ್ಟ್ರ ಮಂಚ. ಕಳೆದ ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ ಮನುಷ್ಯ. ಅಮ್ಮನ ಕೆಮ್ಮು ಶುರುವಾದದ್ದೂ ಒಂದು ಮಳೆಯಲ್ಲಿ ನೆನೆದು. ದಬ್ಬಳನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಥೂ, ಒಂದು ರಾತ್ರಿಯ ಗೊರಕೆಗಾಗಿ ಇಂಥ ಆಸೆಯೇ!

ಮೂವರೂ ವೇದಿಕೆಯ ಮುಂದೆ ಇದ್ದರು. ಅವನು ಬಿಳಿ ಡೇರೆಗೆ ಹೋಗಿ, ಮೇಷ್ಟ್ರ ಹಾಸಿಗೆ ಮಡಿಚಿಟ್ಟು ಮಂಚ ಹತ್ತಿದ. ಕಾಲರಿನಿಂದ ದಬ್ಬಳ ತೆಗೆದು, ಬಾಯಿಬಿಟ್ಟಲ್ಲೆಲ್ಲ ಅಂಚು ಮಡಿಚಿ ಎರಡನೆಯ ಸಾಲು ಹಾಕಿದ. ಆಮೇಲೆ ಜೇಬಿನ ಮೇಣದ ಉಂಡೆಯನ್ನು ಅಂಗೈಯಲ್ಲಿ ಬಿಸಿ ಮಾಡಿ ಉದ್ದಕ್ಕೂ ತಿಕ್ಕಿದ. ಎರಡು ಗಂಟೆ ಹಿಡಿಯಿತು, ತೋಳು ಬಿದ್ದುಹೋಗುವಂತಾಯಿತು. ದೂರದಲ್ಲಿ ಯಾರೋ ಹಾಡುತ್ತಿದ್ದರು, ಜನ ಚಪ್ಪಾಳೆ ತಟ್ಟುತ್ತಿದ್ದರು. ಕೊನೆಯ ದಾರವನ್ನು ಹಲ್ಲಿನಿಂದ ಕಡಿದು, ಯಾರಿಗೂ ಗೊತ್ತಾಗದಂತೆ ಹಾಸಿಗೆ ಮೊದಲಿನಂತೆಯೇ ಹಾಸಿ ಬಂದ.

ದೀಪ ಹಚ್ಚುವ ಹೊತ್ತಿಗೆ ಮಳೆ ಧೋ ಎಂದು ಸುರಿಯಿತು. ಹಾಡು ನಿಂತು ಜನ ದಿಕ್ಕಾಪಾಲಾಗಿ ಓಡಿದರು. ದಬ್ಬಳ ತನ್ನ ಡೇರೆಯ ಬಾಗಿಲಲ್ಲಿ ಟಾರ್ಚು ಹಿಡಿದು ನಿಂತಿದ್ದ. ನಿಲ್ಲುವ ಅಗತ್ಯವಿರಲಿಲ್ಲ, ಅವನಿಗೂ ಗೊತ್ತಿತ್ತು, ಆದರೂ ನಿಂತ. ಮೂವರು ನಗುತ್ತ, ಒಬ್ಬರನ್ನೊಬ್ಬರು ಎಳೆಯುತ್ತ ಬಿಳಿ ಡೇರೆಯ ಕಡೆಗೆ ಓಡಿದ್ದು ಕಾಣಿಸಿತು. ಬಹಳ ಹೊತ್ತು ಕಾದ. ಯಾರೂ ಬರಲಿಲ್ಲ. ಒಳಗೆ ಬಂದು ಬಾಗಿಲಿಂದ ಎರಡನೆಯದಾದ ತನ್ನ ಚಾಪೆಯಲ್ಲೇ, ಪಕ್ಕದವರಿಗೆ ಜಾಗ ಬಿಟ್ಟು ಮಲಗಿದ. ಮೂವತ್ತು ವರ್ಷದಲ್ಲಿ ಮೊದಲ ಸಲ, ತಾನು ಅಲ್ಲಿ ಹಾಕಿ ಬಂದ ಹೊಲಿಗೆ ಎಲ್ಲಾದರೂ ಒಂದಿಷ್ಟು ಸೋರಬಾರದೇ ಎಂದುಕೊಂಡ. ಮಳೆ ಬೆಳಗಿನವರೆಗೂ ಹೊಯ್ಯಿತು.

ಬೆಳಿಗ್ಗೆ ಮೂವರೂ ಒಟ್ಟಿಗೆ ಬಂದರು, ಮುಖದಲ್ಲಿ ನಿದ್ದೆಯ ಕಳೆ.

"ಒಂದು ಹನಿ, ಒಂದೇ ಒಂದು ಹನಿ ಬಿದ್ದಿಲ್ಲ ಕಣೋ!" ಎಂದರು ಮೇಷ್ಟ್ರು. "ಅಕ್ಕಪಕ್ಕದ ಡೇರೆಯವರೆಲ್ಲ ನೆಂದು ತೊಪ್ಪೆ. ನಮ್ಮ ಅದೃಷ್ಟ ನೋಡು."

"ಮುಂದಿನ ವರ್ಷಕ್ಕೂ ಅದೇ ಡೇರೆ ನಮಗೇ ಇಡಿ ಅಂತ ಹೇಳಿ ಬಂದ್ವಿ" ಎಂದ ಎಲೆಕ್ಟ್ರಿಷಿಯನ್.

ಕಾಂಪೌಂಡರು ದಬ್ಬಳನ ಬೆನ್ನಿಗೊಂದು ಗುದ್ದು ಹಾಕಿದ. "ಏನೋ, ನನ್ನಷ್ಟು ಚೆನ್ನಾಗಿ ಯಾರೂ ಹೊಲಿಯೋದಿಲ್ಲ ಅಂತಿದ್ದೆಯಲ್ಲ. ಈಗೇನಂತೀಯಾ?"

ದಬ್ಬಳ ನಾಲ್ಕು ಲೋಟಕ್ಕೂ ಟೀ ಬಗ್ಗಿಸುತ್ತಿದ್ದ. ತಲೆ ಎತ್ತಲಿಲ್ಲ.

"ಚೆನ್ನಾಗೇ ಹೊಲಿದಿದಾರೆ ಕಣೋ" ಎಂದ.