ಮೀನಿನ ಮೊಟ್ಟೆಯೂ ಅಕ್ಕನ ಉತ್ತರವೂ

ಮೊನ್ನೆ ಬಿ.ಸಿ.ರೋಡಿನ ಅಲಂಕಾರಿಕ ಮೀನಿನ ಅಂಗಡಿಗೆ ಕಾಲಿಟ್ಟದ್ದೇ ತಡ, ಪಾಚಿ ಬೆರೆತ ನೀರಿನ ವಾಸನೆ ಮೂಗಿಗೆ ಬಡಿಯಿತು. ನಿಮಗೆ ಅದು ನಾತ ಅನಿಸಬಹುದು. ನನಗೆ ನನ್ನ ಯೌವನದ ಪರಿಮಳ. ಎರಡು ಸಾವಿರದ ಇಸವಿಯ ಆಚೀಚೆ, ಓರಗೆಯವರೆಲ್ಲ ಮಲ್ಲಿಗೆ ಮುಡಿದು ಮದುವೆಗಳಿಗೆ ಹೋಗುತ್ತಿದ್ದಾಗ, ನಾನು ಮೂಡುಬಿದಿರೆಯ ಕಾಲೇಜೊಂದರ ಹಿಂಬದಿಯ ಕೋಣೆಯಲ್ಲಿ ಮೀನಿನ ಮೊಟ್ಟೆ ಹೆಕ್ಕುತ್ತಿದ್ದೆ.

ಪಟ್ಟೆಪಟ್ಟೆಯ ಪುಟ್ಟ ಮೀನು. ಮೊಟ್ಟೆ ಗಾಜಿನಷ್ಟು ತಿಳಿ. ಒಳಗೆ ಕಣ್ಣು, ದವಡೆ ಮೂಡುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಒಂದು ಜೀವಕೋಶ ಇನ್ನೊಂದಕ್ಕೆ ‘ನೀನು ದವಡೆಯಾಗು’ ಎಂದು ಪ್ರೊಟೀನೊಂದರ ಮೂಲಕ ಹೇಳಿ ಕಳುಹಿಸುತ್ತದೆ. ಅದೇ ಸಂದೇಶ ಹದ್ದುಮೀರಿದರೆ ಮುಂದೆ ಕ್ಯಾನ್ಸರ್ ಆಗುವುದೂ ಉಂಟು. ಅದನ್ನು ತಡೆಯುವ ಸಣ್ಣ ಅಣು ಸಿಕ್ಕರೆ ಮದ್ದಾದೀತು ಎಂಬುದು ನಮ್ಮ ಗುರುಗಳ ಆಸೆ. ನನ್ನ ಆಸೆ ಬೇರೆ ಇತ್ತು.

ಮುಂಡಾಜೆಗೆ ಕೊಟ್ಟ ನನ್ನ ಅಕ್ಕನಿಗೆ ಸೀಳುತುಟಿಯ ಮಗು ಹುಟ್ಟಿತ್ತು. ಗ್ರಹಣದ ದಿನ ಬಸುರಿ ಕತ್ತಿ ಹಿಡಿಯಬಾರದು ಎಂದರೂ ಕೇಳದೆ ಬಸಳೆ ಕೊಯ್ದಳು ಎಂದು ಅವಳ ಅತ್ತೆ ಊರಿಗೆಲ್ಲ ಸಾರಿದರು. ಮಗುವಿನ ತುಟಿಗೆ ಹೊಲಿಗೆ ಬಿತ್ತು, ಊರಿನ ಬಾಯಿಗೆ ಬೀಳಲಿಲ್ಲ. ಅಕ್ಕ ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮುಖ ಕೂಡಿಬರುವ ಬಗೆಯನ್ನು ಮೀನಿನಲ್ಲೇ ತೋರಿಸಿ ಆ ಅತ್ತೆಯ ಬಾಯಿ ಮುಚ್ಚಿಸುತ್ತೇನೆ ಎಂದು ಹಟ ತೊಟ್ಟೆ. ವಿಜ್ಞಾನಕ್ಕೆ ಇದಕ್ಕಿಂತ ಕ್ಷುಲ್ಲಕ ಕಾರಣ ಇರಲಿಕ್ಕಿಲ್ಲ. ಇದಕ್ಕಿಂತ ಗಟ್ಟಿಯಾದದ್ದೂ ಇರಲಿಕ್ಕಿಲ್ಲ.

ಕೆಮಿಸ್ಟ್ರಿಯವರು ಮಾಡಿಕೊಟ್ಟ ಪುಡಿಗಳನ್ನು ಒಂದೊಂದಾಗಿ ಮೊಟ್ಟೆಯ ನೀರಿಗೆ ಬೆರೆಸಿದೆ. ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ, ಹಳದಿ ಪುಡಿ ಬೆರೆಸಿದ ಬಟ್ಟಲಿನ ಮರಿಗಳಿಗೆ ದವಡೆಯೇ ಕೂಡಿರಲಿಲ್ಲ. ಗುರುಗಳು ಬಗ್ಗಿ ನೋಡಿ, ಬಾವಿ ನೀರು ಕೆಟ್ಟಿದೆ, ಚೆಲ್ಲು ಅಂದರು. ಮಳೆಗಾಲ ಬಂತೆಂದರೆ ನಮ್ಮ ಕಡೆ ಎಲ್ಲ ತಪ್ಪೂ ಬಾವಿ ನೀರಿನದ್ದೇ. ನಾನು ಚೆಲ್ಲಲಿಲ್ಲ. ಅದೇ ನೀರಿನಲ್ಲಿ, ಪುಡಿ ಹಾಕದೆ, ಅದೇ ತಾಯಿಮೀನಿನ ಮೊಟ್ಟೆ ಇಟ್ಟೆ, ಮರಿಗಳು ನೆಟ್ಟಗಿದ್ದವು. ಪುಡಿ ಬಿದ್ದಲ್ಲೆಲ್ಲ ದವಡೆ ಇಲ್ಲ. ಕೊನೆಗೆ ದೊಡ್ಡ ಲ್ಯಾಬಿನವರೂ ಪರೀಕ್ಷಿಸಿ, ಈ ಪುಡಿಯ ಅಣು ದವಡೆಯ ಸಂದೇಶ ಒಯ್ಯುವ ಆ ಪ್ರೊಟೀನನ್ನೇ ಹಿಡಿದು ನಿಲ್ಲಿಸುತ್ತದೆ ಎಂದರು.

ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ ಮುಂಡಾಜೆಗೆ ಓಡಿದೆ. ಚಾವಡಿಯಲ್ಲಿ ಕೂತು ಭಾಷಣವನ್ನೇ ಬಿಗಿದೆ: ಗ್ರಹಣವೂ ಅಲ್ಲ, ಕತ್ತಿಯೂ ಅಲ್ಲ, ಮುಖ ಕೂಡದಿರಲು ಕಣ್ಣಿಗೆ ಕಾಣದ ಒಂದು ಅಣು ಸಾಕು ಎಂದೆ. ಅತ್ತೆ ಬಾಯಲ್ಲಿದ್ದ ಎಲೆಯಡಿಕೆಯನ್ನು ದವಡೆಗೆ ಸರಿಸಿ ನಿಧಾನವಾಗಿ ಕೇಳಿದರು:

“ಹೌದಾ? ಹಾಗಾದ್ರೆ ಇವಳು ಆಗ ಎಂತ ಮದ್ದು ತಿಂದದ್ದು?”

ಅವರ ಹಳೆಯ ಆರೋಪ ಕಿತ್ತುಕೊಳ್ಳಲು ಹೋದವಳು ಹೊಸದೊಂದನ್ನು ನಾನೇ ಕೈಗಿಟ್ಟಿದ್ದೆ. ಆಗ ಅಕ್ಕ ಒಳಗಿನಿಂದ ಬಂದು ಚಾವಡಿಯ ನಡುವೆ ನಿಂತಳು.

“ನಾನು ಎಂತದೂ ತಿನ್ನಲಿಲ್ಲ. ಬಸಳೆ ಕೊಯ್ದದ್ದು ಹೌದು, ನಾಳೆ ಗ್ರಹಣ ಬಂದ್ರೂ ಕೊಯ್ತೇನೆ. ನನ್ನ ಮಗನಿಗೆ ಕಾರಣ ಹುಡುಕುವುದು ಇನ್ನು ಸಾಕು. ಅತ್ತೆ, ನೀವೂ. ನೀನೂ, ಮಾರಾಯ್ತಿ.”

ಆ ವಾರವೇ ಮಗನನ್ನು ಕರೆದುಕೊಂಡು ಬೆಳ್ತಂಗಡಿಯ ಮದುವೆಯೊಂದಕ್ಕೆ ಹೋಗಿ ಮೊದಲ ಪಂಕ್ತಿಯಲ್ಲೇ ಕೂತಳು. ನನ್ನ ಅಣು ಇನ್ನೂ ಮದ್ದಾಗಿಲ್ಲ, ಅದು ಬೇರೆ ಕಥೆ.

ಮೊನ್ನೆ ಮೀನಿನ ಅಂಗಡಿಯವರು ನನ್ನ ಕೆಲಸ ವಿಚಾರಿಸಿದರು. ಹೇಳಿದ ಮೇಲೆ, ಗಲ್ಲಾಪೆಟ್ಟಿಗೆಯ ಬಳಿ ಮಗುವನ್ನೆತ್ತಿ ನಿಂತಿದ್ದ ಸೊಸೆಯನ್ನು ತೋರಿಸಿದರು. ಮಗುವಿನ ಮೇಲ್ತುಟಿ ಸೀಳಿತ್ತು. ಇವಳು ಏನು ತಪ್ಪು ಮಾಡಿರಬಹುದು ಎಂದು ಅವರು ಕೇಳಿದಾಗ ಆಕೆ ತಲೆ ತಗ್ಗಿಸಿದಳು. ನನ್ನಲ್ಲಿ ಒಂದು ಗಂಟೆಯ ಪಾಠ ಸಿದ್ಧವಿತ್ತು. ಅದನ್ನು ನುಂಗಿಕೊಂಡೆ.

“ಇವರದ್ದು ಎಂತ ತಪ್ಪೂ ಇಲ್ಲ” ಎಂದೆ. “ಹೊಲಿದರೆ ಸರಿಯಾಗ್ತದೆ.” ಆಮೇಲೆ ಆಕೆಯ ಕಡೆ ತಿರುಗಿ, ಮಗುವಿನ ಹೆಸರೇನೆಂದು ಕೇಳಿದೆ.

ಆಕೆ ತಲೆಯೆತ್ತಿ, ಮಾವನಿಗೂ ಕೇಳುವಷ್ಟು ಗಟ್ಟಿಯಾಗಿ, ಹೆಸರು ಹೇಳಿದಳು.