ಹೆಸರು ಹಿಡಿದು ಕರೆಯದ ಮ್ಯಾನೇಜರು

ಜಗಳೂರಿನ ಹೊರಗೆ ಬೊಂಬಾಯಿ ಕಂಪನಿಯೊಂದು ಶೇಂಗಾ ಎಣ್ಣೆ ಮಿಲ್ಲು ನಡೆಸುತ್ತಿತ್ತು. ಸಂತೇಬೆನ್ನೂರಿನ ಜಯದೇವಪ್ಪ ಅಲ್ಲಿಗೆ ಸೇರಿದಾಗ ಅವನಿಗೆ ಕೆಲಸ ಕಲಿಸಿದವರು ಮೇಸ್ತ್ರಿ ಬೈಲಪ್ಪ. ಜ್ವರ ಬಂದು ಮಲಗಿದಾಗ ಮನೆಯಿಂದ ಗಂಜಿ ತಂದು ಕುಡಿಸಿದವರೂ ಅವರೇ. ಅವನ ಬಾಯಲ್ಲಿ ಅವರು ಬೈಲಣ್ಣ.

೧೯೭೮ರಲ್ಲಿ, ಡಿಗ್ರಿ ಇದೆಯೆಂದು, ಜಯದೇವಪ್ಪನನ್ನು ಮ್ಯಾನೇಜರ್ ಮಾಡಿದರು. ಬೈಲಪ್ಪ ಅವನ ಕೈಕೆಳಗೆ ಬಂದರು. ಆ ಕಂಪನಿಯಲ್ಲಿ ಆಫೀಸರುಗಳ ಚಹಾದ ಕಪ್ಪೇ ಬೇರೆ. ಜನರಲ್ ಮ್ಯಾನೇಜರರ ಮುಂದೆ ಯಾರೂ ಕೂರುವಂತಿಲ್ಲ.

ಮೊದಲ ವಾರವೇ ಆ ಜನರಲ್ ಮ್ಯಾನೇಜರ್ ಸಾಹೇಬರು ರೌಂಡಿಗೆ ಬಂದರು. ಅವರೆದುರೇ ಜಯದೇವಪ್ಪ ರೂಢಿಯಂತೆ, "ಬೈಲಣ್ಣ, ಸ್ವಲ್ಪ ಬರ್ರಿ" ಎಂದುಬಿಟ್ಟ. ಸಾಹೇಬರು ಅವನನ್ನು ಕೋಣೆಗೆ ಕರೆಸಿದರು.

"ಇಲ್ಲಿ ಯಾರಿಗೂ ಯಾರೂ ಅಣ್ಣ ಅಲ್ಲ. ಹೆಸರು ಹಿಡಿದು ಕರೆಯೋಕೆ ಬರಲ್ಲ ಅಂದ್ರೆ ವಾಪಸ್ ಕೆಳಗೇ ಹೋಗು."

ಮರುದಿನ ಜಯದೇವಪ್ಪ ಎದೆ ಗಟ್ಟಿಮಾಡಿಕೊಂಡು, "ಬೈಲಪ್ಪಾ" ಎಂದು ಕೂಗಿದ. ಅವರು ಕೈಗಂಟಿದ ಎಣ್ಣೆ ಒರೆಸಿಕೊಂಡು ಬಂದು, "ಏನ್ ಸಾರ್?" ಎಂದರು. ಇವನಿಗೆ ಯಾಕೆ ಕರೆದೆನೆಂಬುದೇ ಮರೆತುಹೋಯಿತು.

ಭಾನುವಾರ ಅವರ ಮನೆಗೇ ಹೋದ. ವಿಷಯ ಕೇಳಿ ಬೈಲಪ್ಪ ನಕ್ಕರು.

"ಅದಕ್ಯಾಕೆ ಇಷ್ಟು ನೊಂದ್ಕಂಡಿ? ಹೆಸರಿಡಿದೇ ಕರಿ. ನಿನ್ ಕೆಲಸ ಉಳಿಬೇಕಲ್ಲ?"

"ನಾಲಿಗೆ ಹೊರಳಂಗಿಲ್ಲಣ್ಣ. ಹೆಂಗೆ ಕರೀಲಿ?"

ಆಮೇಲೆ ಅವನು ಕರೆಯುವುದನ್ನೇ ಬಿಟ್ಟ. ಏನಾದರೂ ಹೇಳಬೇಕಿದ್ದರೆ ಕುರ್ಚಿಯಿಂದೆದ್ದು ಬೈಲಪ್ಪ ಇದ್ದಲ್ಲಿಗೇ ನಡೆದುಹೋಗುತ್ತಿದ್ದ. ಅವರೊಬ್ಬರ ಹತ್ತಿರ ಮಾತ್ರ ಹೋದರೆ ಅನುಮಾನ ಬಂದೀತೆಂದು ಎಲ್ಲರ ಹತ್ತಿರವೂ ಹೋಗತೊಡಗಿದ. ಬೀಜ ಆರಿಸುವ ದುರುಗಮ್ಮ ಒಮ್ಮೆ, "ಶೆಡ್ಡಿನಾಗೆ ಕುಡಿಯಾಕೆ ನೀರಿಲ್ಲ ಸಾರ್" ಎಂದಳು. ಮೊದಲಾಗಿದ್ದರೆ ಆ ದೂರು ಮೆಟ್ಟಿಲು ಮೆಟ್ಟಿಲು ಹತ್ತಿ ಮ್ಯಾನೇಜರವರೆಗೆ ಬರುವುದರೊಳಗೆ ಬೇಸಿಗೆಯೇ ಮುಗಿಯುತ್ತಿತ್ತು. ಅವನು ಅವತ್ತೇ ಹಂಡೆ ಇಡಿಸಿದ.

ಇದನ್ನೆಲ್ಲ ಕಂಡ ಸಾಹೇಬರು, ಆಫೀಸರ್ ಅಂದರೆ ಹೀಗಿರಬೇಕು, ಸ್ವತಃ ನಿಂತು ನೋಡುತ್ತಾನೆ ಎಂದು ಮೀಟಿಂಗಿನಲ್ಲಿ ಹೊಗಳಿ, ಉಳಿದವರಿಗೂ ದಿನಾ ರೌಂಡು ಹಾಕಲು ಹುಕುಂ ಮಾಡಿದರು. ಅವರೆಲ್ಲ ಜಯದೇವಪ್ಪನನ್ನು ಬೈದುಕೊಂಡೇ ತಿರುಗಿದರು. ಬೈಲಪ್ಪ ಮಾತ್ರ ಯಂತ್ರದ ಮರೆಗೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಾಲ್ಕೈದು ವರ್ಷಕ್ಕೆ ಆ ಸಾಹೇಬರಿಗೆ ವರ್ಗವಾಯಿತು. ಹೊಸದಾಗಿ ಬಂದ ಸಾಹೇಬರೋ, ಯಾರು ಯಾರನ್ನು ಏನೆಂದು ಕರೆದರೂ ಕಿವಿಗೊಡುವವರಲ್ಲ. ಆದರೂ ಜಯದೇವಪ್ಪನ ನಡಿಗೆ ನಿಲ್ಲಲಿಲ್ಲ. ಮನೆಯಲ್ಲೂ ನೀರು ಬೇಕಾದರೆ ಕೂತಲ್ಲಿಂದ ಕೂಗದೆ ತಾನೇ ಅಡುಗೆಮನೆಗೆ ಬಂದು ನಿಲ್ಲುತ್ತಿದ್ದ.

"ಬಂದೋರು ಬಂದ್ರಿ, ಆ ಕೊಡ ಒಂದಿಷ್ಟು ಇಳಿಸಿಕೊಡ್ರಿ" ಎನ್ನುತ್ತಿದ್ದಳು ಹೆಂಡತಿ ಪ್ರೇಮಮ್ಮ.