ಮುಚ್ಚಿದ ಬಾಟಲಿಯ ಬಿಸಿ

ಹೊತ್ತು ಹುಟ್ಟುವ ಮುಂಚೆಯೇ ಚಂದ್ರಕಲಾ ಶಾಲೆಯ ಬೋರಿನ ಬಳಿ ಕುಳಿತು ಎರಡು ಗಾಜಿನ ಬಾಟಲಿ ತೊಳೆಯುತ್ತಿದ್ದಾರೆ. ಒಂದೇ ಅಳತೆಯ ಉಪ್ಪಿನಕಾಯಿ ಬಾಟಲಿಗಳು. ಎರಡರಲ್ಲೂ ಒಂದೊಂದು ಥರ್ಮಾಮೀಟರ್ ಇಳಿಸಿ, ಒಂದಕ್ಕೆ ಮುಚ್ಚಳ ಹಾಕಿ ಬಿಸಿಲಿಗಿಡಬೇಕು. ಒಳಗಿನ ಬಿಸಿ ಹೊರಬೀಳದೆ ಮುಚ್ಚಿದ್ದು ಹೆಚ್ಚು ಕಾಯುತ್ತದೆ. ಭೂಮಿಯ ಸುತ್ತಲಿನ ಕೆಲವು ಅನಿಲಗಳೂ ಬಿಸಿಯನ್ನು ಹೀಗೆ ಹಿಡಿದಿಡುತ್ತವೆ ಎಂದು ಒಂಬತ್ತನೆಯ ತರಗತಿಗೆ ತೋರಿಸುವ ಪ್ರಯೋಗವಿದು. ಚಂದ್ರಕಲಾ ತೊಳೆದದ್ದನ್ನೇ ಮತ್ತೆ ತೊಳೆಯುತ್ತಾರೆ.

ಕೆಂಭಾವಿ ಹತ್ತಿರದ ಈ ಪ್ರೌಢಶಾಲೆಯಲ್ಲಿ ಅವರು ಹದಿಮೂರು ವರ್ಷದಿಂದ ಸಿಪಾಯಿ. ಓದಿದ್ದು ಏಳನೆಯವರೆಗೆ. ದಿನಕ್ಕೆ ಆರು ಕೋಣೆ ಗುಡಿಸಬೇಕು, ಎಂಟು ಸಲ ಗಂಟೆ ಬಾರಿಸಬೇಕು. ನಾಲ್ಕು ವರ್ಷ ವಿಜ್ಞಾನಕ್ಕೆ ಮಾಸ್ತರರೇ ಇರಲಿಲ್ಲ. ಆಗ ಬಾಟಲಿ ಇಟ್ಟು, ಅಂಕಿ ಓದಿ, ಮಕ್ಕಳಿಂದ ಬರೆಸಿದವರು ಇವರೇ. ಎಲ್ಲ ವರ್ಷದ ಅಂಕಿಗಳೂ ಒಂದು ವಹಿಯಲ್ಲಿವೆ. ಅದನ್ನು ಯಾದಗಿರಿಯ ವಿಜ್ಞಾನ ಪ್ರದರ್ಶನಕ್ಕೆ ಒಯ್ಯೋಣವೆಂದು ಹೊಸ ವಿಜ್ಞಾನ ಶಿಕ್ಷಕಿ ಭುವನೇಶ್ವರಿ ಕಳೆದ ವಾರ ಹೇಳಿದಾಗ, ಚಂದ್ರಕಲಾ ಮನೆಗೆ ಒಯ್ದು ಹೊಸ ರಟ್ಟು ಹಾಕಿ ತಂದರು.

ಮರುದಿನ ಪುಟ ತಿರುವುತ್ತಿದ್ದ ಭುವನೇಶ್ವರಿಯ ಕೈ ನಿಂತಿತು. ಪ್ರತಿ ವರ್ಷವೂ ಮುಚ್ಚಿದ ಬಾಟಲಿ ಶುರುವಿನಲ್ಲೇ ಐದಾರು ಡಿಗ್ರಿ ಮುಂದಿದೆ.

"ಬಿಸಲಿಗಿ ಇಡೂ ಮೊದಲ ಇದು ಹೆಂಗ ಕಾಯ್ತು, ಚಂದ್ರವ್ವ?"

"ಬಿಸಿಯೂಟದ ಒಲಿ ಕಟ್ಟಿ ಮ್ಯಾಲ ಇಟ್ಟಿರ್ತೀನಲ್ರಿ ಮೇಡಂ."

ಹಿಂದಿನ ಸಿಪಾಯಿ ಸಂಗಣ್ಣ ಕಲಿಸಿದ್ದು ಹಾಗೆ: ಮುಚ್ಚಳದ್ದನ್ನು ಮೊದಲು ಹತ್ತು ನಿಮಿಷ ಒಲೆಯ ಕಟ್ಟೆಯ ಮೇಲಿಡಬೇಕು. "ಹಾಲಿಗಿ ಹೆಪ್ಪ ಹಾಕೂ ಮುಂದ ಗಡಿಗಿ ಬೆಚ್ಚಗ ಮಾಡಂಗಿಲ್ಲೇನ್ರಿ? ಇದೂ ಹಂಗ ಅಂತ ತಿಳಕೊಂಡಿದ್ದೆ," ಎಂದರು ಚಂದ್ರಕಲಾ. "ಹಂಗಾರ ಇಷ್ಟು ವರ್ಷ ನಾ ಸುಳ್ಳ ತೋರಿಸೀನೇನ್ರಿ?"

ಅಡುಗೆಯ ದುರಗಮ್ಮ ನಕ್ಕಿದ್ದೇ ನಕ್ಕಿದ್ದು. "ಬಾಟ್ಲಿಗಿ ಒಗ್ಗರಣಿನೂ ಕೊಡಬೇಕಿತ್ತಲ್ಲವ್ವ!" ಮುಖ್ಯ ಗುರು ಭೀಮರಾಯರದು ಬೇರೆ ದಾರಿ. "ಶುರುವಿನ ಅಂಕಿ ಕಾಲಂ ಮ್ಯಾಲ ಚೀಟಿ ಹಚ್ಚಿ ಒಯ್ಯಿರಿ. ಯಾರು ನೋಡ್ತಾರ?" ಚಂದ್ರಕಲಾ ವಹಿ ಕೊಡಲಿಲ್ಲ. ಒಮ್ಮೆ ಕಾಸದೆ ನೋಡಬೇಕೆಂದರು. ಅದೂ ಸುಳ್ಳಾದರೆ ವಹಿ ಯಾದಗಿರಿಗೆ ಹೋಗುವುದು ಬೇಡ.

ಇಂದು ಹತ್ತು ಗಂಟೆಗೆ ಎರಡೂ ಬಾಟಲಿ ಬಿಸಿಲಿಗೆ ಬರುತ್ತವೆ. ಎರಡರಲ್ಲೂ ಇಪ್ಪತ್ತೊಂಬತ್ತು. ಆಕಾಶದಲ್ಲಿ ತೆಳುಮೋಡ. ನಲವತ್ತು ನಿಮಿಷಕ್ಕೆ ಅವಧಿ ಮುಗಿಯುತ್ತದೆ, ವ್ಯತ್ಯಾಸ ಒಂದೇ ಡಿಗ್ರಿ. ಮಕ್ಕಳು ಎದ್ದು ಹೋಗುತ್ತಾರೆ. ಚಂದ್ರಕಲಾ ಗಂಟೆ ಬಾರಿಸಿ, ಓಡಿ ಬಂದು, ಮತ್ತೆ ಕುಕ್ಕರಗಾಲಲ್ಲಿ ಕೂಡುತ್ತಾರೆ. ಮೋಡ ಸರಿಯುತ್ತದೆ. ಇನ್ನೊಂದು ಅವಧಿಯೂ ಕಳೆಯುತ್ತದೆ. ಹನ್ನೊಂದೂವರೆಗೆ ತೆರೆದದ್ದರಲ್ಲಿ ಮೂವತ್ತೆಂಟು, ಮುಚ್ಚಿದ್ದರಲ್ಲಿ ನಲವತ್ತನಾಲ್ಕು.

"ತಾನ ಬರ್ತೈತಲ್ರಿ ಮೇಡಂ! ಮತ್ತ ಸಂಗಣ್ಣಾರು ಯಾಕ ಕಾಸ್ತಿದ್ರು?"

"ಪೀರಿಯಡ್ ಮುಗಿಯೂದ್ರಾಗ ಫರಕ ಕಾಣಬೇಕಲ್ಲವ್ವ."

ಚಂದ್ರಕಲಾಗೆ ಸಮಾಧಾನವಾದಂತೆ ಕಾಣುವುದಿಲ್ಲ. ಖರೆ ಇದ್ದುದನ್ನೇ ಕಾಸಿ ತೋರಿಸಿದರೆ ಅದು ಖರೆಯೋ ಸುಳ್ಳೋ ಎಂದು ಕೇಳುತ್ತಾರೆ. ಭುವನೇಶ್ವರಿಯ ಪೆನ್ನು ಇಸಿದುಕೊಂಡು ಹಳೆಯ ಪುಟಗಳ ಮೇಲೆ ಒಂದೊಂದಾಗಿ, ದುಂಡಗೆ ಬರೆಯತೊಡಗುತ್ತಾರೆ: ಒಲೆಯ ಕಟ್ಟೆಯ ಮೇಲೆ ಕಾಸಿದ್ದು.

"ಇಷ್ಟು ಬರದ್ರ ಬಹುಮಾನ ಹೋತು ನೋಡವ್ವ," ಎಂದು ಭೀಮರಾಯರು ಗೊಣಗುತ್ತಾರೆ.

"ಹೋಗ್ಲಿ ಬಿಡ್ರಿ ಸರ್," ಎನ್ನುತ್ತಾರೆ ಚಂದ್ರಕಲಾ, ತಲೆ ಎತ್ತದೆ. "ಮೊದ್ಲಿನ ಹುಡುಗರ್ನೆಲ್ಲ ಒಂದಿನ ಕರಸ್ರಿ. ಏನೂ ಕಾಸದಂಗ ಇಟ್ಟು ತೋರಸ್ತೀನಿ. ಆದ್ರ ಒಂದೂವರಿ ತಾಸು ಯಾರೂ ಏಳಬಾರದು ನೋಡ್ರಿ. ಗಂಟಿ ನಾ ಬಾರ್ಸಂಗಿಲ್ಲ."